ರತ್ನತ್ತೆಯ ಜೊತೆ ಬೆಟ್ಟದ ಸುತ್ತು

ಆಗೆಲ್ಲ ಆಯುಧಪೂಜೆಯ ಮಾರನೆಯ ಬೆಳಿಗ್ಗೆ, ಬೀದಿಯಲ್ಲಿ ಒಡೆದ ಬೂದುಗುಂಬಳದ ಹೋಳುಗಳು ಕುಂಕುಮ ಮೆತ್ತಿಕೊಂಡು ಇನ್ನೂ ಬಿದ್ದಿರುವಾಗಲೇ, ತುಮಕೂರಿನ ಸದಾಶಿವನಗರದ ನಮ್ಮ ಮನೆಯ ಗೇಟು ಕಿರ್ರೆನ್ನುತ್ತಿತ್ತು. ಗುಬ್ಬಿ ಕಡೆಯಿಂದ ಬರುವ ಮೊದಲ ಬಸ್ಸಿಗೆ ರತ್ನತ್ತೆ ಬಂದಿರುತ್ತಿದ್ದಳು. ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಮೈಗೆ ಮಾಸಲು ಹಸಿರಿನ ಚೂಡಿದಾರ, ಬೆನ್ನಿಗೊಂದು ಬ್ಯಾಗು, ಕತ್ತಿನಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸ್ಟೀಲಿನ ಪೀಪಿ. ಚಪ್ಪಲಿ ಬಿಡುವ ಜಾಗದಲ್ಲಿ ನಿಂತೇ ಆ ಪೀಪಿಯನ್ನೊಮ್ಮೆ ಊದುತ್ತಿದ್ದಳು.

"ಇನ್ನೂ ಎದ್ದಿಲ್ವೇನ್ರೋ ಸೋಮಾರಿಗಳಾ? ಬೆಟ್ಟ ಕಾಯ್ತಾ ಐತೆ ಅಲ್ಲಿ!"

ನಿಮ್ಮಲ್ಲಿ ಹಲವರಿಗೆ ಅಂಥ ಒಬ್ಬ ಅತ್ತೆಯೋ ಚಿಕ್ಕಪ್ಪನೋ ಇದ್ದಿರಬೇಕು. ಮನೆಯ ದೊಡ್ಡವರೆಲ್ಲ ದೊಡ್ಡವರಾಗಿಯೇ ಇರುವಾಗ, ಮಕ್ಕಳ ಕಡೆಗೆ ಸೇರಿಬಿಟ್ಟವರು. ರತ್ನತ್ತೆ ನಮ್ಮಪ್ಪನ ತಂಗಿ. ಹುಟ್ಟಿದ್ದು ಹಾಗಲವಾಡಿಯಲ್ಲಿ, ರಾಗಿ ಹೊಲ, ತೆಂಗಿನ ತೋಟದ ಮನೆಯಲ್ಲಿ. ಗುಬ್ಬಿ ತಾಲ್ಲೂಕಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದಳು. ಮೂವತ್ತೈದು ದಾಟಿದರೂ ಮದುವೆಯಾಗಿರಲಿಲ್ಲ. "ಹಿಂಗೆ ಗಂಡುಬೀರಿ ಥರ ಬೆಟ್ಟ ಗುಡ್ಡ ಅಲ್ಕೊಂಡಿದ್ರೆ ಯಾರು ಮಾಡ್ಕೋತಾರೆ?" ಎಂದು ಅಜ್ಜಿ ಗೊಣಗಿದರೆ, "ಬೆಟ್ಟ ಹತ್ತಕ್ಕೆ ಬರೋನು ಸಿಕ್ಕಿದ್ರೆ ಹೇಳು, ನಾಳೆನೇ ಆಗ್ತೀನಿ" ಅನ್ನುತ್ತಿದ್ದಳು.

ಆಕೆ ಪ್ರತಿ ದಸರಾ ರಜೆಯಲ್ಲಿ ನನ್ನನ್ನೂ ನನ್ನ ತಮ್ಮ ಮಂಜುವನ್ನೂ ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ದೇವಸ್ಥಾನಕ್ಕಲ್ಲ. ನಾಮದ ಚಿಲುಮೆಯ ಹತ್ತಿರ ಬಸ್ಸಿಳಿದು, ಕಾಡಿನೊಳಗಿನ ಕಾಲುದಾರಿ ಹಿಡಿದು ಏರಿ, ಬೆಟ್ಟದ ಹಿಂಭಾಗವನ್ನು ಬಳಸಿಕೊಂಡು, ಸಂಜೆಯ ಹೊತ್ತಿಗೆ ಮತ್ತೆ ಚಿಲುಮೆಗೇ ಬಂದು ಮುಟ್ಟುವ ಒಂದು ಸುತ್ತು. ಮನೆಯಲ್ಲಿ ಅದಕ್ಕೆ 'ಬೆಟ್ಟದ ಸುತ್ತು' ಎಂದೇ ಹೆಸರು. ಹೋದ ದಾರಿಯಲ್ಲೇ ವಾಪಸು ಬರುವುದು ಅತ್ತೆಗೆ ಆಗದ ಮಾತು. "ಹಿಂದಕ್ಕೆ ತಿರುಗೋದ್ಯಾಕೆ? ಮುಂದುಕ್ಕೆ ಹೋಗ್ತಾ ಇದ್ರೆ ಮನೆಗೇ ಬರ್ತೀವಿ" ಅನ್ನುತ್ತಿದ್ದಳು.

ನಾನು ಐದನೆಯ ತರಗತಿಯಲ್ಲಿದ್ದ ವರ್ಷ ಮಂಜುವಿಗೆ ಆರು. ಅಮ್ಮ ಚಿತ್ರಾನ್ನ ಕಲಸಿ ಸ್ಟೀಲಿನ ಡಬ್ಬಿಗೆ ತುಂಬಿದಳು. ಹಬ್ಬದ ಪುರಿ ಉಂಡೆ, ಎರಡು ಸೌತೆಕಾಯಿ, ಕಾಗದದಲ್ಲಿ ಕಟ್ಟಿದ ಉಪ್ಪುಖಾರ. ಊಟಕ್ಕೆ ಹಾಸಿಕೊಳ್ಳಲು ಹಳೆಯ ನೀಲಿ ಪಟ್ಟೆಯ ಜಮಖಾನ. ಅದು ಭಾರವೆಂದು ಅಮ್ಮ ಬೆಡ್‌ಶೀಟ್ ಕೊಡಲು ಹೋದಳು. "ಮುಳ್ಳು ಚುಚ್ಚುತ್ತೆ ಅತ್ತಿಗೆ, ಇದೇ ಇರ್ಲಿ ಬುಡಿ" ಎಂದು ಅತ್ತೆ ಅದನ್ನೇ ಸುರುಳಿ ಸುತ್ತಿ ಬ್ಯಾಗಿನ ಮೇಲೆ ಕಟ್ಟಿಕೊಂಡಳು.

ಮಳೆ ಹೋಗಿ ಬಿಸಿಲು ಇನ್ನೂ ಬಲಿಯದ ದಿನಗಳವು. ಬಸ್ಸಿನ ಕಿಟಕಿಯಾಚೆ ಹುಚ್ಚೆಳ್ಳು ಹೂವಿನ ಹಳದಿ, ನಡುನಡುವೆ ತೆನೆ ಬಾಗಿಸಿದ ರಾಗಿ. ಕಾಡಿನೊಳಗೆ ಹೊಕ್ಕರೆ ಸೊಂಟದೆತ್ತರದ ಹುಲ್ಲು ಹೂಬಿಟ್ಟು, ನಡೆದಂತೆಲ್ಲ ಬಟ್ಟೆಗೆ ಅಂಟಿಕೊಳ್ಳುತ್ತಿತ್ತು. ಲಂಟಾನದ ಕಮಟು, ಒದ್ದೆ ಎಲೆ ಒಣಗುವ ವಾಸನೆ, ಎಲ್ಲಿಂದಲೋ ಹಣ್ಣಾದ ಸೀತಾಫಲದ ಘಮ. ಅತ್ತೆ ಮುಂದೆ, ಮಂಜು ನಡುವೆ, ನಾನು ಹಿಂದೆ. ಬಂಡೆಯ ಮೇಲಿನ ದೊಣೆಗಳಲ್ಲಿ ಮಳೆನೀರು ನಿಂತು, ಅದರೊಳಗೆ ಆಕಾಶ ನಿಂತಿರುತ್ತಿತ್ತು. ದೂರದಿಂದ ಕಲ್ಲೆಸೆದು ದೊಣೆಗೆ ಬೀಳಿಸುವುದು ನಮ್ಮ ಆಟ. ಗೆದ್ದವರಿಗೆ ಒಂದು ಪುರಿ ಉಂಡೆ ಹೆಚ್ಚಿಗೆ. ಮಂಜು ದೊಣೆಯ ಪಕ್ಕದಲ್ಲೇ ನಿಂತು ಕಲ್ಲನ್ನು ಒಳಗೆ ಬಿಟ್ಟು, "ನಾನ್ ಗೆದ್ದೆ!" ಎಂದ.

"ಏನ್ಲಾ, ಇದು ಮೋಸ ಕಣೋ!"

"ನೀವ್ ಎಲ್ ನಿಂತ್ಕೋಬೇಕು ಅಂತ ಹೇಳ್ಲೇ ಇಲ್ವಲ್ಲ ಅತ್ತೆ."

ಅತ್ತೆ ಬಂಡೆಯ ಮೇಲೆ ಕೂತು ನಕ್ಕಳು. ಆಕೆ ನಗುವಾಗ ಪೀಪಿ ಎದೆಯ ಮೇಲೆ ಕುಣಿಯುತ್ತಿತ್ತು. ಎರಡು ಉಂಡೆ ಅವನಿಗೇ ಹೋದವು.

ಬೆಟ್ಟದ ಹಿಂಭಾಗಕ್ಕೆ ಬಂದಾಗ ಹೊತ್ತು ನೆತ್ತಿಗೇರಿತ್ತು. ಅಲ್ಲಿ ಒಂದು ಕಡೆ ದಾರಿಯ ಬಲಕ್ಕೆ ದೊಡ್ಡ ಬಂಡೆ ಮುಂದಕ್ಕೆ ಚಾಚಿಕೊಂಡಿತ್ತು. ಅದರ ಅಡಿಯಲ್ಲಿ ಹೆಜ್ಜೇನಿನ ಹುಟ್ಟುಗಳು ಕಪ್ಪಗೆ ಜೋತುಬಿದ್ದಿದ್ದವು. ಪ್ರತಿವರ್ಷವೂ ಅಲ್ಲಿಗೆ ಬಂದಾಗ ಅತ್ತೆ ಬೆರಳನ್ನು ತುಟಿಯ ಮೇಲಿಟ್ಟುಕೊಳ್ಳುವಳು. "ಮಾತಾಡ್ಬೇಡಿ. ಮನೆಯವ್ರು ಮಲಗವ್ರೆ." ನಾವು ಉಸಿರು ಬಿಗಿಹಿಡಿದು, ಕಳ್ಳರ ಹಾಗೆ ಹೆಜ್ಜೆಯಿಟ್ಟು ದಾಟುತ್ತಿದ್ದೆವು. ಆ ವರ್ಷವೂ ಹಾಗೆಯೇ ದಾಟಿದೆವು. ದಾಟಿ, ಬಂಡೆ ಮರೆಯಾಗುವಷ್ಟು ದೂರ ಬಂದು, ಒಂದು ಚಪ್ಪಟೆ ಬಯಲಲ್ಲಿ ಜಮಖಾನ ಹಾಸಿ ಊಟಕ್ಕೆ ಕೂತೆವು.

ಡಬ್ಬಿಯ ಮುಚ್ಚಳ ತೆಗೆದಾಗ ನಿಂಬೆಯ, ಒಗ್ಗರಣೆ ಶೇಂಗಾದ ವಾಸನೆ ಎದ್ದಿದ್ದು ನನಗೆ ನೆನಪಿದೆ. ಒಂದು ದೊಡ್ಡ ಹಕ್ಕಿ ತಲೆಯ ಮೇಲಿಂದ ಬಂಡೆಯ ಕಡೆಗೆ ತೇಲಿ ಹೋಯಿತು. "ಗಿಡುಗ, ಗಿಡುಗ" ಎಂದು ಮಂಜು ಬೆರಳು ತೋರಿಸಿದ. ಅದು ಜೇನುಹುಟ್ಟಿಗೆ ಹೊಡೆದು ಹುಳುಗಳನ್ನೆಬ್ಬಿಸುವ ಹಕ್ಕಿ ಎಂದು ನಮಗೆ ಆಮೇಲೆ ಯಾರೋ ಹೇಳಿದರು. ಆಗ ಗೊತ್ತಾಗಿದ್ದು ಸದ್ದು ಮಾತ್ರ. ದೂರದ ಏರಿನಲ್ಲಿ ಲಾರಿ ಬರುತ್ತಿರುವಂಥ ಸದ್ದು. ಅಲ್ಲಿ ರಸ್ತೆಯೇ ಇರಲಿಲ್ಲ.

ಅತ್ತೆಯ ಮುಖ ಬದಲಾಯಿತು. ಕೈಯಲ್ಲಿದ್ದ ತುತ್ತನ್ನು ಅಲ್ಲೇ ಚೆಲ್ಲಿ ಎದ್ದಳು. ಡಬ್ಬಿ, ಸೌತೆಕಾಯಿ ಎಲ್ಲವನ್ನೂ ಕಾಲಿಂದ ಒದ್ದು, ನಮ್ಮಿಬ್ಬರನ್ನೂ ಕುತ್ತಿಗೆ ಹಿಡಿದು ನೆಲಕ್ಕೆ ಮಲಗಿಸಿದಳು.

"ಮಕಾಡೆ ಮಲ್ಕೊಳ್ಳಿ! ಶೈಲು, ಅವ್ನನ್ನ ಅಪ್ಕೊಳೇ. ಮುಖ ಮುಚ್ಕೊಳ್ಳಿ!"

ಜಮಖಾನ ನಮ್ಮ ಮೇಲೆ ಬಿತ್ತು. ಅದರ ಅಂಚುಗಳನ್ನು ಆಕೆ ನಮ್ಮ ಮೈಯಡಿಗೆ ತುರುಕಿದಳು. ತುರುಕಿದಲ್ಲೆಲ್ಲ ಕಲ್ಲು ಹೇರಿದಳು. ಅಷ್ಟರಲ್ಲಿ ಮೊದಲ ಹುಳುಗಳು ಬಂದಿದ್ದವು. ಬಟ್ಟೆಯ ಮೇಲೆ ಆಲಿಕಲ್ಲು ಬಿದ್ದ ಹಾಗೆ ಟಪ್ ಟಪ್ ಸದ್ದು.

"ಅತ್ತೆ, ನೀವೂ ಬನ್ನಿ ಒಳಕ್ಕೆ!" ಎಂದು ನಾನು ಕಿರುಚಿದೆ.

"ಜಾಗ ಇಲ್ಲ ಕಣೇ. ಎತ್ತಿದ್ರೆ ಎಲ್ಲಾ ಒಳಕ್ಕೆ ಬರ್ತವೆ. ನಾನು ಆ ಕಡೆ ಓಡ್ತೀನಿ, ನನ್ನ ಹಿಂದೆ ಬರ್ತವೆ ಅವು. ಪೀಪಿ ಊದ್ತಾ ಇರ್ತೀನಿ. ಪೀಪಿ ಕೇಳಿಸ್ತಾ ಇರೋವರ್ಗೂ ಏಳ್ಬೇಡಿ. ಗೊತ್ತಾಯ್ತಾ?"

ಗೊತ್ತಾಯಿತು ಎಂದು ನಾನು ಹೇಳಿದೆನೋ ಇಲ್ಲವೋ. ಕ್ಯಾನ್ವಾಸ್ ಶೂಗಳು ಕಲ್ಲಿನ ಮೇಲೆ ಓಡಿದ ಸದ್ದು, ಹಿಂದೆಯೇ ಆ ಲಾರಿಯ ಸದ್ದೂ ತಿರುಗಿಕೊಂಡು ಹೋದ ಹಾಗಾಯಿತು. ಆಮೇಲೆ ಪೀಪಿ. ಶಾಲೆಯಲ್ಲಿ ಊದುವಂತೆ ಉದ್ದಕ್ಕಲ್ಲ. ತುಂಡು ತುಂಡಾಗಿ, ಒಂದು ಊದಿ ನಿಲ್ಲಿಸಿ, ಮತ್ತೊಂದು ಊದಿ. ಮೊದಲು ಹತ್ತಿರದಲ್ಲಿ, ಆಮೇಲೆ ಇಳಿಜಾರಿನ ಕಡೆ, ಆಮೇಲೆ ಇನ್ನೂ ಕೆಳಗೆ.

ಜಮಖಾನದ ಒಳಗೆ ನೀಲಿ ಕತ್ತಲೆ. ಮಂಜುವಿನ ತಲೆಯ ಎಣ್ಣೆ ವಾಸನೆ ನನ್ನ ಮೂಗಿನಲ್ಲಿ. ಅವನು ಅಳುತ್ತಿರಲಿಲ್ಲ, ನಡುಗುತ್ತಿದ್ದ. ಬಟ್ಟೆ ತೆಳುವಾಗಿದ್ದ ಕಡೆ ಹುಳುಗಳ ಒಂದೆರಡು ಮುಳ್ಳು ನನ್ನ ಬೆನ್ನಿಗೆ ಇಳಿದವು. ಕೂಗಿದರೆ ಅವನು ಹೆದರುತ್ತಾನೆಂದು ತುಟಿ ಕಚ್ಚಿಕೊಂಡೆ. ಅತ್ತೆಯ ಬ್ಯಾಗು ಹೊರಗೆ ಎಲ್ಲೋ ಪಕ್ಕದಲ್ಲಿತ್ತು. ಅದರಲ್ಲಿ ಆಕೆಯ ಬಟನ್ ಫೋನಿತ್ತು. ಅಪ್ಪನಿಗೆ ಫೋನ್ ಮಾಡಿದರೆ ಬಂದುಬಿಡುತ್ತಾರೆ ಎಂದುಕೊಂಡೆ. ಅಪ್ಪ ತುಮಕೂರಿನ ಮನೆಯಲ್ಲಿದ್ದಾರೆ, ನಾವು ಬೆಟ್ಟದ ಬೆನ್ನಿಗಿದ್ದೇವೆ ಅನ್ನುವ ದೂರದ ಲೆಕ್ಕ ಆ ವಯಸ್ಸಿಗೆ ಬರುವುದಿಲ್ಲ. ಒಂದು ಕಲ್ಲು ಸರಿಸಿ ಕೈ ಹೊರಹಾಕಿ ತಡಕಾಡಿದೆ. ಬ್ಯಾಗಿನ ಪಟ್ಟಿ ಸಿಕ್ಕಿತು. ಎಳೆದುಕೊಳ್ಳುವಷ್ಟರಲ್ಲಿ ಬೆರಳುಗಳ ಮೇಲೆ ಬೆಂಕಿ ಸುರಿದ ಹಾಗಾಯಿತು. ಫೋನು ಸಿಕ್ಕಿತು. ಪುಟ್ಟ ಹಸಿರು ಪರದೆ ಬೆಳಗಿತು. ಅಪ್ಪನ ನಂಬರ್ ಒತ್ತಿದೆ. ಟವರ್ ಇರಲಿಲ್ಲ. ಮತ್ತೆ ಒತ್ತಿದೆ. ಮತ್ತೆ. ಊದಿಕೊಂಡ ಬೆರಳು ಎರಡು ಬಟನ್‌ಗಳನ್ನು ಒಟ್ಟಿಗೆ ಒತ್ತುತ್ತಿತ್ತು.

ಆಗ ಪೀಪಿ ನಿಂತಿತು.

ಮುಂದಿನದು ಬರುತ್ತದೆ ಎಂದು ಕಾದೆ. ಬರಲಿಲ್ಲ.

"ಅಕ್ಕ, ನಿಂತೋಯ್ತಲ್ಲ" ಎಂದ ಮಂಜು. "ಎದ್ದೇಳಣ. ಪೀಪಿ ನಿಂತ್ರೆ ಎದ್ದೇಳಿ ಅಂದ್ರಲ್ವಾ ಅತ್ತೆ."

"ಹಂಗಂದಿಲ್ಲ ಕಣೋ."

"ಹಂಗೇ ಅಂದ್ರು. ಕೇಳಿಸ್ತಾ ಇರೋವರ್ಗೂ ಏಳ್ಬೇಡಿ ಅಂದ್ರು. ಈಗ ಕೇಳಿಸ್ತಿಲ್ಲ."

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಬಟ್ಟೆಯ ಮೇಲೆ ಟಪ್ ಟಪ್ ಸದ್ದು ಇನ್ನೂ ನಿಂತಿರಲಿಲ್ಲ. ಏಳಬೇಕೋ, ಏಳಬಾರದೋ? ಅತ್ತೆ ಹುಳುಗಳಿಂದ ತಪ್ಪಿಸಿಕೊಂಡಳೋ, ಬಿದ್ದಳೋ? ಬಿದ್ದಿದ್ದರೆ ನಾನು ಹೋಗಬೇಕಲ್ಲವೇ? ಹೋದರೆ ಮಂಜುವನ್ನು ಏನು ಮಾಡಲಿ? ಹತ್ತು ವರ್ಷದ ತಲೆಯೊಳಗೆ ಇವೆಲ್ಲ ಒಟ್ಟಿಗೆ ಎದ್ದು, ನಾನು ಮಾಡಿದ್ದು ಒಂದೇ: ಮಂಜುವಿನ ಮೇಲೆ ಇನ್ನಷ್ಟು ಭಾರ ಬಿಟ್ಟು ಅವನನ್ನು ಒತ್ತಿಹಿಡಿದಿದ್ದು. "ಅತ್ತೇ!" ಎಂದು ಕೂಗಿದೆ. ಜಮಖಾನದ ದೂಳು ಬಾಯಿಗೆ ಹೋಯಿತು. ಮತ್ತೆ ಕೂಗಿದೆ. ಆಮೇಲೆ ಕೂಗು ಅಳುವಾಯಿತು. ಅವನೂ ಅತ್ತ. ಎಷ್ಟು ಹೊತ್ತೋ ತಿಳಿಯದು. ಅಳುತ್ತಾ ಅವನು ನಿದ್ದೆ ಹೋದ. ಅಂಥ ಹೊತ್ತಿನಲ್ಲೂ ಮಕ್ಕಳಿಗೆ ನಿದ್ದೆ ಬರುತ್ತದೆ.

ಮೊದಲು ಬಂದದ್ದು ಹೊಗೆಯ ವಾಸನೆ. ಹಸಿಸೊಪ್ಪು ಸುಟ್ಟ ಕಟು ಹೊಗೆ. ಆಮೇಲೆ ಹೆಂಗಸರ ದನಿ.

"ಅಯ್ಯೋ ಇಲ್ಲೈತೆ ನೋಡಕ್ಕ, ಏನೋ ಗಂಟು!"

"ಗಂಟಲ್ಲ ಕಣೇ, ಮಕ್ಳು!"

ಸೀತಾಫಲ ಕೀಳಲು ಬೆಟ್ಟದ ಕೆಳಗಿನ ಊರಿಂದ ಬಂದಿದ್ದ ಹೆಂಗಸರು ಅವರು. ಪೀಪಿಯ ಸದ್ದು ಕೇಳಿ, ಯಾರೋ ಆಟ ಆಡುತ್ತಿದ್ದಾರೆ ಎಂದುಕೊಂಡು, ಆಮೇಲೆ ಅನುಮಾನ ಬಂದು ಹುಡುಕಿದ್ದರಂತೆ. ಅವರು ಜಮಖಾನ ಎತ್ತಿದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಅವರು ಹಾಕಿದ ಹೊಗೆಗೆ ಹುಳುಗಳು ಹೋಗಿದ್ದವು. ನೆಲದ ಮೇಲೆ ಚೆಲ್ಲಿದ್ದ ಚಿತ್ರಾನ್ನದ ಮೇಲೆ ಆಗಲೇ ಇರುವೆ ಸಾಲು.

"ಅತ್ತೆ ಎಲ್ಲಿ?" ಎಂದೆ.

ಅವರಲ್ಲಿ ಹಿರಿಯಾಕೆ ನನ್ನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಉಗುರಿನಿಂದ ಒಂದೊಂದೇ ಮುಳ್ಳು ಕೀಳತೊಡಗಿದಳು. "ಅವ್ಳೆ ಕಣವ್ವ. ಉಸ್ರು ಐತೆ. ಈ ಜಮಖಾನ ಬೇಕು ನಮ್ಗೆ, ಕೊಡು."

ಅದೇ ಜಮಖಾನವನ್ನು ಒಂದು ಉದ್ದನೆಯ ಕೋಲಿಗೆ ಜೋಲಿಯಂತೆ ಕಟ್ಟಿ, ಅತ್ತೆಯನ್ನು ಅದರಲ್ಲಿ ಮಲಗಿಸಿದರು. ಹೆಂಗಸರೇ ಸರದಿಯ ಮೇಲೆ ಹೊತ್ತರು. ನಾನೂ ಮಂಜುವೂ ಹಿಂದೆ. ಒಂದು ತಿರುವಿನಲ್ಲಿ ಜೋಲಿಯನ್ನು ಕೆಳಗಿಟ್ಟು ಹೆಗಲು ಬದಲಿಸುವಾಗ ಮುಖ ಕಾಣಿಸಿತು. ಕಣ್ಣುಗಳಿರಬೇಕಾದ ಕಡೆ ಎರಡು ಗೆರೆಗಳು. ತುಟಿ, ಕಿವಿ, ಕೆನ್ನೆ ಎಲ್ಲ ಒಂದೇ ಊತವಾಗಿತ್ತು.

ಮಂಜು ನನ್ನ ಲಂಗ ಹಿಡಿದು ಜಗ್ಗಿದ. "ಇದು ಅತ್ತೆ ಅಲ್ಲ ಅಕ್ಕ. ಬೇರೆ ಯಾರೋ. ನಮ್ ಅತ್ತೆ ಅಲ್ಲೇ ಅವ್ರೆ, ವಾಪಸ್ ಹೋಗಣ."

ಆ ಗೆರೆಗಳ ಅಡಿಯಿಂದ, ಗಂಟಲಿನ ತಳದಿಂದ ಒಂದು ದನಿ ಬಂತು. ಮಾತು ಅನ್ನಲಾಗದು. ನನಗೆ ಅದು "ಎಲ್ಲವ್ರೆ?" ಎಂದು ಕೇಳಿದ ಹಾಗಿತ್ತು. "ಇಲ್ಲೇ ಇದೀವಿ ಅತ್ತೆ" ಎಂದೆ. ಕೇಳಿಸಿತೋ ಇಲ್ಲವೋ. ಕೈ ಹಿಡಿದುಕೊಳ್ಳೋಣವೆಂದರೆ ಎಲ್ಲಿ ಮುಟ್ಟಿದರೂ ನರಳುತ್ತಿದ್ದಳು. ಮುಟ್ಟದೆ ನಡೆದೆ.

ರಸ್ತೆಗೆ ಬಂದಾಗ ಯಾರದೋ ಟೆಂಪೋ ಸಿಕ್ಕಿತು. ತುಮಕೂರಿನ ಆಸ್ಪತ್ರೆಯಲ್ಲಿ ಅಪ್ಪ ಓಡಿಬಂದದ್ದು, ಅಮ್ಮ ನಮ್ಮನ್ನು ತಬ್ಬಿಕೊಂಡು ಎಲ್ಲರೂ ನೋಡುವಂತೆ ಅತ್ತದ್ದು ನೆನಪಿದೆ. ನಮಗೆ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ಅತ್ತೆಯನ್ನು ಒಳಗೆ ಇಟ್ಟುಕೊಂಡರು. ಆಮೇಲಿನ ದಿನಗಳಲ್ಲಿ ಬಾಗಿಲ ಸಂದಿಯಿಂದ ದೊಡ್ಡವರ ಮಾತುಗಳು ಬರುತ್ತಿದ್ದವು. ವಿಷ ಮೈಗೆ ಏರಿದೆ, ಕಿಡ್ನಿ ಕೆಲಸ ಮಾಡುತ್ತಿಲ್ಲ, ಬೆಂಗಳೂರಿಗೆ ಕರೆದೊಯ್ಯಬೇಕು, ಮೆಷಿನ್ ಹಾಕಬೇಕು. ಅಪ್ಪ ಬಟ್ಟೆ ಬದಲಿಸಲು ಮನೆಗೆ ಬಂದು, ಬದಲಿಸದೆ, ಮಂಚದ ತುದಿಯಲ್ಲಿ ಶರ್ಟು ಹಿಡಿದು ಕೂತಿರುತ್ತಿದ್ದರು. "ನಾನೂ ಬರ್ತೀನಪ್ಪ" ಎಂದರೆ, "ಮಕ್ಳನ್ನ ಬಿಡಲ್ಲ ಕಣಮ್ಮ ಅಲ್ಲಿ" ಅನ್ನುತ್ತಿದ್ದರು. "ಅತ್ತೆ ಯಾವಾಗ ಬರ್ತಾರೆ?" ಎಂದು ಕೇಳಿದರೆ ಎದ್ದು ಶರ್ಟು ತೊಟ್ಟುಕೊಳ್ಳುತ್ತಿದ್ದರು. ಶಾಲೆ ಶುರುವಾಯಿತು. ದೀಪಾವಳಿಗೆ ನಮ್ಮ ಮನೆಯಲ್ಲಿ ಪಟಾಕಿ ತರಲಿಲ್ಲ.

ಅತ್ತೆ ಬದುಕಿದಳು. ಮೂತ್ರಪಿಂಡ ನಿಧಾನವಾಗಿ ಚೇತರಿಸಿಕೊಂಡಿತು. ಚಳಿಗಾಲ ಕಳೆದ ಮೇಲೆ ನಾವು ಹಾಗಲವಾಡಿಗೆ ನೋಡಲು ಹೋದಾಗ, ಹಜಾರದಲ್ಲಿ ಬೆಳಕಿಗೆ ಬೆನ್ನು ಮಾಡಿ ಕೂತಿದ್ದಳು. ಒಂದು ಕಣ್ಣಿನ ಮೇಲೆ ಹಾಲಿನ ಬಣ್ಣದ ಪೊರೆ. ನಾನು ಓಡಿಹೋಗಿ ತೊಡೆಯ ಮೇಲೆ ತಲೆಯಿಟ್ಟೆ. ಆಕೆ ನನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನಿಂಗೆ ಹೆಂಗೇ ಕಚ್ಚಿದ್ವು? ನಾನು ಕಲ್ಲು ಸರ್ಯಾಗಿ ಇಟ್ಟಿದ್ನಲ್ಲ."

"ಫೋನ್ ತಗೊಳ್ಳೋಕ್ ಹೋದೆ ಅತ್ತೆ."

"ಅಲ್ಲಿ ಟವರ್ ಬರಲ್ಲ ಕಣೇ" ಎಂದು ಕಣ್ಣೊರೆಸಿಕೊಂಡಳು.

ಇನ್ನೊಮ್ಮೆ ಒಂದೇ ಒಂದು ಹುಳು ಕಚ್ಚಿದರೂ ಮೈ ತಡೆಯಲಾರದು ಎಂದು ಡಾಕ್ಟರು ಹೇಳಿದ್ದರಂತೆ. ಮೊದಮೊದಲು ಆಕೆ ಅದನ್ನು ನಕ್ಕು ತಳ್ಳಿಹಾಕಿದಳು. ಬೇಸಿಗೆಯಲ್ಲಿ ಶಾಲೆಯ ಮೈದಾನಕ್ಕೆ ಹೋದಳಂತೆ. ಹೊಂಗೆ ಹೂಬಿಟ್ಟಿತ್ತು, ಅದರ ತುಂಬ ಜೇನು. ಹುಡುಗಿಯರು ಸಾಲಾಗಿ ನಿಂತು ಕಾಯುತ್ತಿರುವಾಗಲೇ ಟೀಚರ್ ಸ್ಟಾಫ್‌ರೂಮಿಗೆ ಓಡಿಬಂದು ಬಾಗಿಲು ಹಾಕಿಕೊಂಡರಂತೆ. ಅಂದಿನಿಂದ ಆಕೆಗೆ ಒಳಗಿನ ಕೆಲಸ ಕೊಟ್ಟರು. ಲೈಬ್ರರಿಯ ಬೀಗ, ಪರೀಕ್ಷೆಯ ಬಂಡಲ್ಲು. ಮನೆಯ ಕಿಟಕಿಗಳಿಗೆಲ್ಲ ಜಾಲರಿ ಬಂತು. ಹೂ ಮುಡಿಯುವುದು ನಿಂತಿತು. ಹಬ್ಬಕ್ಕೆ ಯಾರಾದರೂ ಬಾಗಿಲಿಗೆ ಚೆಂಡುಹೂವಿನ ತೋರಣ ಕಟ್ಟಿದರೆ ಹಿತ್ತಲ ಬಾಗಿಲಿಂದ ಒಳಗೆ ಬರುವಳು.

ಮುಂದಿನ ದಸರಾಕ್ಕೆ ನಾನು ಬೆಳಿಗ್ಗೆಯೇ ಎದ್ದು, ಶೂ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತೆ. ಯಾರೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಮ್ಮ ಹೊರಗೆ ಬಂದು ನೋಡಿ, ಬಾಗಿ ನನ್ನ ಲೇಸುಗಳನ್ನು ಬಿಚ್ಚಿದಳು.

ಈಗ ಕುಣಿಗಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೇನೆ. ಮಂಜು ಹುಬ್ಬಳ್ಳಿಯಲ್ಲಿದ್ದಾನೆ, ಆ ದಿನದ್ದು ಅವನಿಗೆ ಏನೂ ನೆನಪಿಲ್ಲವಂತೆ. ನಿಜವೋ ಸುಳ್ಳೋ, ನಾನು ಕೆದಕಿಲ್ಲ. ಕಳೆದ ದಸರಾದಲ್ಲಿ ಹಾಗಲವಾಡಿಗೆ ಹೋಗಿದ್ದೆ. ರಿಟೈರ್ ಆಗಿದ್ದ ರತ್ನತ್ತೆ ಊಟದ ನಡುವೆ ಇದ್ದಕ್ಕಿದ್ದಂತೆ, "ಕಾರಲ್ಲಿ ಒಂದ್ಸಲ ದುರ್ಗಕ್ಕೆ ಹೋಗ್ಬರೋಣ್ವೇನೇ?" ಎಂದಳು. ಅಷ್ಟು ವರ್ಷಗಳಲ್ಲಿ ಆಕೆ ಆ ಹೆಸರೆತ್ತಿದ್ದು ಅದೇ ಮೊದಲು.

ಹೋದೆವು. ನಮ್ಮ ಕಾಲುದಾರಿ ಶುರುವಾಗುತ್ತಿದ್ದ ಕಡೆ ಈಗ ತಂತಿಬೇಲಿ, ಪ್ರವೇಶವಿಲ್ಲ ಎಂಬ ಬೋರ್ಡು. ಬೇಲಿಯಾಚೆ ದಾರಿಯ ಗುರುತೂ ಉಳಿದಿರಲಿಲ್ಲ, ಲಂಟಾನ ಹೆಗಲು ಮುಟ್ಟುವಷ್ಟು ಬೆಳೆದಿತ್ತು. ಅಲ್ಲಿ ಪೀಪಿ ಊದಿದ್ದು, ದೊಣೆಗೆ ಕಲ್ಲೆಸೆದದ್ದು, ಮುಂದಕ್ಕೆ ನಡೆಯುತ್ತಾ ಮನೆ ಮುಟ್ಟಬಹುದೆಂದು ನಂಬಿದ್ದು ಯಾವುದನ್ನೂ ಆ ಜಾಗ ಇಟ್ಟುಕೊಂಡಿರಲಿಲ್ಲ. ಇನ್ನೂ ಮೇಲಕ್ಕೆ ಹೋಗಿ, ರಸ್ತೆಯ ತಿರುವಿನಲ್ಲಿ ಕಣಿವೆ ಕಾಣುವ ಕಡೆ ಕಾರು ನಿಲ್ಲಿಸಿದೆ. ತಿಳಿ ಬಿಸಿಲು, ತೊಳೆದಿಟ್ಟ ಆಕಾಶ, ದೂರದ ಹೊಲಗಳಲ್ಲಿ ಹುಚ್ಚೆಳ್ಳಿನ ಹಳದಿ. ಯಾರೋ ಹುಡುಗರು ಬಂಡೆಯ ಮೇಲೆ ಕೈಚಾಚಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ನಾನು ಇಳಿಯಲು ಹೋದೆ. "ಬಾಗಿಲು ಬೇಗ ಹಾಕ್ಕೊಳೇ" ಎಂದಳು ಅತ್ತೆ. ಕಿಟಕಿಗಳನ್ನೆಲ್ಲ ಮೇಲಕ್ಕೇರಿಸಿ, ಸೆರಗನ್ನು ಕಿವಿಗೆ ಸುತ್ತಿ ಕೂತಿದ್ದಳು. ನಾನು ಇಳಿಯದೆ ಅಲ್ಲೇ ಕೂತೆ. ಎ.ಸಿ.ಯ ಗುಂಯ್‌ಗುಡುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ಆಕೆ ಕಾಣುವ ಕಣ್ಣನ್ನು ಗಾಜಿಗೆ ಹತ್ತಿರ ತಂದು, ಬೆಟ್ಟದ ಹಿಂಭಾಗ ಇರುವ ದಿಕ್ಕಿಗೆ ತುಂಬಾ ಹೊತ್ತು ನೋಡಿದಳು. ಆಮೇಲೆ, ಮಕ್ಕಳು ಕೇಳುವ ಹಾಗೆ, ಮೆಲ್ಲಗೆ ಕೇಳಿದಳು:

"ಶೈಲು, ಹೊರ್ಗಡೆ ಗಾಳಿ ಬೀಸ್ತಾ ಐತೇನೇ?"

ನನ್ನ ಕೈ ಬಾಗಿಲ ಹಿಡಿಯ ಮೇಲಿತ್ತು. ತೆಗೆಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.